ಹಳೇ ಟೂ ಇನ್ ಒನ್ ರಿಪೇರಿ: ಒಂದು ವಾರ, ಒಂದಷ್ಟು ಹಾಡು

ಮೊದಲು ಯಂತ್ರದ ಸ್ಥಿತಿ ಹೇಳಿಬಿಡುತ್ತೇನೆ. ಸಾಗರದ ಸೋದರಮಾವನ ಮನೆಯ ಅಟ್ಟದಿಂದ ಇಳಿದು ಬೆಂಗಳೂರಿಗೆ ಬಂದ ಸ್ಟೀರಿಯೊ ಟೂ ಇನ್ ಒನ್ ಇದು. ರೇಡಿಯೊ ಹಾಡುತ್ತದೆ. ಪ್ಲೇ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತದೆ, ಕ್ಯಾಸೆಟ್ ಮಾತ್ರ ಅಲುಗಾಡುವುದಿಲ್ಲ. ಎಡಗಡೆ ಸ್ಪೀಕರ್‌ಗೆ ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ವಾಲ್ಯೂಮ್ ತಿರುಗಿಸಿದರೆ ಕರಕರ. ಜೊತೆಗೆ ಒಂದು ರಟ್ಟಿನ ಡಬ್ಬದ ತುಂಬ ಕ್ಯಾಸೆಟ್‌ಗಳು. ಅರ್ಧಕ್ಕರ್ಧ ಬೂಷ್ಟು ಹಿಡಿದಿವೆ. ಮಲೆನಾಡಿನ ಮಳೆಗಾಲ ಅಟ್ಟದ ಮೇಲಿನ ಯಾವ ಸಾಮಾನನ್ನೂ ಸುಮ್ನೆ ಬಿಡುವುದಿಲ್ಲ.

ಮಾವನಿಗೆ ಫೋನ್ ಮಾಡಿ ಕೇಳಿದೆ, ಇದಕ್ಕೆ ಏನಾಗಿತ್ತು ಅಂತ. "ಅದು ರೀಲು ತಿಂತಿತ್ತು ಮಾರಾಯ. ಒಳ್ಳೊಳ್ಳೆ ಕ್ಯಾಸೆಟ್ಟೇ ಬೇಕಿತ್ತು ಅದಕ್ಕೆ. ಅದಕ್ಕೇ ಅಟ್ಟ ಹತ್ತಿಸಿದ್ದು" ಅಂದರು. ಒಳ್ಳೆಯ ಸುಳಿವು. ರೀಲು ತಿನ್ನುವುದಕ್ಕೆ ಕಾರಣಗಳು ತುಂಬಾ ಇಲ್ಲ.

ಮನೆಯಲ್ಲಿ ಕೇಳಿದ ಪ್ರಶ್ನೆ ಬೇರೆ: ಫೋನಿನಲ್ಲೇ ಎಲ್ಲಾ ಹಾಡು ಇರುವಾಗ ಇದು ಯಾಕೆ? ನನಗೆ ಈ ಕೆಲಸದಲ್ಲಿ ಇರುವ ಆಸೆ ಇಷ್ಟೇ. ರಿಪೇರಿ ಮಾಡುವಾಗ ಒಂದೇ ಹಾಡಿನ ಅರ್ಧ ನಿಮಿಷವನ್ನು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಆಗ ಕಿವಿ ಮಾತನ್ನು ಬಿಟ್ಟು ಹಿಂದಿನ ತಂಬೂರಿಗೆ ಹೋಗುತ್ತದೆ, ಮೂಲೆಯಲ್ಲಿ ಎಲ್ಲೋ ಬಾರಿಸುತ್ತಿರುವ ತಾಳಕ್ಕೆ ಹೋಗುತ್ತದೆ. ಎಷ್ಟೋ ವರ್ಷದಿಂದ ಬಾಯಿಪಾಠ ಇರುವ ಹಾಡಿನಲ್ಲಿ ಇದೂ ಇತ್ತಾ ಅನಿಸುತ್ತದೆ. ಹಾಗಾಗಿ ಪ್ರತಿ ತೊಂದರೆಗೂ ಒಂದೊಂದು ಹಾಡು ಹುಡುಕಿಕೊಂಡೆ. ಹಳೆಯವು ಡಬ್ಬದಿಂದ, ಹೊಸವು ಫೋನಿನಿಂದ.

ಭಾನುವಾರ: ಬಿಚ್ಚಿದ್ದು

ಪ್ಲಗ್ ತೆಗೆದು, ಸೆಲ್ ಹಾಕುವ ಜಾಗ ಖಾಲಿ ಮಾಡಿ, ಆಮೇಲೆ ಹಿಂಬದಿ ಬಿಚ್ಚಿದ್ದು. ಇಂಥ ಸೆಟ್‌ಗಳಲ್ಲಿ ಕಣ್ಣಿಗೆ ಕಾಣುವ ಸ್ಕ್ರೂ ತೆಗೆದ ಮೇಲೂ ಮುಚ್ಚಳ ಬರದಿದ್ದರೆ ಎಳೆಯಬಾರದು. ಸೆಲ್ ಹಾಕುವ ಜಾಗದ ಒಳಗೆ ಒಂದೆರಡು, ಹ್ಯಾಂಡಲ್ ಕೆಳಗೆ ಒಂದು ಅಡಗಿರುತ್ತವೆ. ಹಿಂಬದಿಯನ್ನು ಪೂರ್ತಿ ಎತ್ತುವ ಮುಂಚೆ ಏರಿಯಲ್ ವೈರ್ ನೋಡಿಕೊಳ್ಳಿ. ಅದು ಬೋರ್ಡಿಗೆ ಬೆಸುಗೆ ಆಗಿರುತ್ತದೆ, ಜೋರಾಗಿ ಎತ್ತಿದರೆ ಕಿತ್ತು ಬರುತ್ತದೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೊ. ಉದ್ದದ ಸ್ಕ್ರೂ, ಗಿಡ್ಡ ಸ್ಕ್ರೂ ಬೇರೆ ಬೇರೆ ಬಟ್ಟಲಿಗೆ.

ಡೆಕ್, ಅಂದರೆ ಕ್ಯಾಸೆಟ್ ಓಡಿಸುವ ಭಾಗ, ಎತ್ತಿ ನೋಡಿದರೆ ಮೋಟಾರಿನ ಓಟವನ್ನು ಚಕ್ರಗಳಿಗೆ ದಾಟಿಸುವ ಬೆಲ್ಟ್ ಅನ್ನುವುದೇ ಇಲ್ಲ. ಅದು ಕರಗಿ ಜೋನಿಬೆಲ್ಲದ ಥರ ಮೋಟಾರಿನ ಪುಲ್ಲಿಗೂ ಫ್ಲೈವೀಲ್ ಅನ್ನುವ ಭಾರದ ಚಕ್ರಕ್ಕೂ ಅಂಟಿಕೊಂಡಿತ್ತು. ಹಳೇ ರಬ್ಬರ್ ಬೆಲ್ಟ್‌ಗಳ ಹಣೆಬರಹ ಎರಡೇ. ಒಂದೋ ಸಡಿಲ ಆಗುತ್ತವೆ, ಇಲ್ಲ ಹೀಗೆ ಕರಗುತ್ತವೆ. ಈ ಕಪ್ಪು ಅಂಟು ಬಟ್ಟೆಗೆ ತಾಗಿದರೆ ಬಟ್ಟೆಯ ಕಥೆ ಮುಗಿಯಿತು, ಹಳೇ ಅಂಗಿ ಹಾಕಿಕೊಂಡು ಕೂತುಕೊಳ್ಳಿ. ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಬಡ್ಸ್, ಹಲ್ಲುಕಡ್ಡಿ ಇಷ್ಟು ಇದ್ದರೆ ಸಾಕು. ಪುಲ್ಲಿಯ ಗಾಡಿಯಲ್ಲಿ, ಅಂದರೆ ಬೆಲ್ಟ್ ಕೂರುವ ಸಂದಿಯಲ್ಲಿ, ಒಂದು ಚೂರೂ ಉಳಿಯಬಾರದು. ಯಾಕೆ ಅನ್ನುವುದು ಮಂಗಳವಾರ ಗೊತ್ತಾಗುತ್ತದೆ.

ಹೊಸ ಬೆಲ್ಟಿನ ಅಳತೆಗೆ ಹೊಲಿಗೆ ದಾರ ತೆಗೆದುಕೊಂಡು ಬೆಲ್ಟ್ ಓಡುವ ದಾರಿಯಲ್ಲೇ ಸುತ್ತಿಸಿ ಉದ್ದ ನೋಡಬೇಕು. ದಾರ 24 ಸೆಂ.ಮೀ. ಬಂದರೆ 22 ರಿಂದ 23 ಸೆಂ.ಮೀ. ಸುತ್ತಳತೆಯ ಬೆಲ್ಟ್ ಸರಿಹೋಗುತ್ತದೆ. ತೀರಾ ಬಿಗಿ ಆದರೆ ಮೋಟಾರಿನ ಬುಷ್ ಸವೆಯುತ್ತದೆ, ಸಡಿಲ ಆದರೆ ಜಾರುತ್ತದೆ.

ಸೋಮವಾರ: ಮೊದಲ ಸದ್ದು

ಬೆಲ್ಟ್ ಸಿಕ್ಕಿದ್ದು ಎಸ್.ಪಿ. ರಸ್ತೆಯಲ್ಲಿ. "ಟೇಪ್ ರೆಕಾರ್ಡರ್ ಬೆಲ್ಟಾ ಸಾರ್?" ಅಂತ ಅಂಗಡಿಯವರು ಒಂದು ಸಲ ಮುಖ ನೋಡಿದರು. ಆಮೇಲೆ ಒಳಗಿನಿಂದ ನಾನಾ ಅಳತೆಯವು ಕಲಸಿಕೊಂಡಿರುವ ಒಂದು ಪ್ಯಾಕೆಟ್ ತಂದುಕೊಟ್ಟರು. ಚೌಕ ಅಂಚಿನವು ಮಾತ್ರ ಆರಿಸಿಕೊಂಡೆ.

ಬೆಲ್ಟ್ ಹಾಕಿದ ಮೇಲೆ ಮೊದಲು ಓಡಿಸುವ ಕ್ಯಾಸೆಟ್ ಹೋದರೂ ಬೇಜಾರಾಗದಂಥದ್ದೇ ಆಗಿರಬೇಕು. ಡಬ್ಬದಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವ ಒಂದು ಕ್ಯಾಸೆಟ್ ಇತ್ತು, ಅದನ್ನು ಬಲಿ ಕೊಟ್ಟೆ. ಮಾವ ಹೇಳಿದ್ದು ನಿಜ. ಒಂದು ನಿಮಿಷ ಮಾತಾಡಿತು, ಆಮೇಲೆ ರೀಲು ತಿಂದಿತು.

ರೀಲು ತಿನ್ನುವುದು ಅಂದರೆ ಏನು? ಟೇಪನ್ನು ಎಳೆಯುವುದು ಕ್ಯಾಪ್‌ಸ್ಟನ್ ಅನ್ನುವ ತೆಳ್ಳನೆಯ ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿಕೊಂಡಿರುವ ರಬ್ಬರ್ ರೋಲರ್. ಇವೆರಡರ ಮಧ್ಯೆಯಿಂದ ಹೊರಬಂದ ಟೇಪನ್ನು ಬಲಗಡೆ ಸ್ಪಿಂಡಲ್ ಕೂಡಲೇ ಸುತ್ತಿಕೊಳ್ಳಬೇಕು. ಆ ಸ್ಪಿಂಡಲ್‌ಗೆ ಬಲ ಇಲ್ಲದಿದ್ದರೆ ಟೇಪು ಸಡಿಲ ಬೀಳುತ್ತದೆ. ಸಡಿಲ ಬಿದ್ದ ಟೇಪು ಹೋಗಿ ಸುತ್ತಿಕೊಳ್ಳುವುದು ಕ್ಯಾಪ್‌ಸ್ಟನ್‌ಗೇ. ಬೈಸಿಕೊಳ್ಳುವುದು ಹೆಚ್ಚಾಗಿ ರೋಲರ್, ತಪ್ಪು ಹೆಚ್ಚಾಗಿ ಬಲಗಡೆ ಸ್ಪಿಂಡಲಿನದು. ಇಲ್ಲೂ ಹಾಗೇ. ಸ್ಪಿಂಡಲನ್ನು ತಿರುಗಿಸುವ ಸಣ್ಣ ಚಕ್ರದ ರಬ್ಬರ್ ಟಯರ್ ನುಣ್ಣಗಾಗಿ ಹೊಳೆಯುತ್ತಿತ್ತು. ಅದನ್ನು ತೆಗೆದು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ತೀರಾ ನಯವಾದ ಸ್ಯಾಂಡ್ ಪೇಪರಿನಿಂದ ಒಂದೆರಡು ಸುತ್ತು ಹಗುರಕ್ಕೆ ಉಜ್ಜಿ ಹಾಕಿದೆ. ಸ್ಪಿಂಡಲ್ ಈಗ ಬೆರಳಲ್ಲಿ ಹಿಡಿದರೂ ತಿರುಗಲು ಹಟ ಮಾಡುತ್ತದೆ. ಅಷ್ಟು ಬೇಕು.

ಅದಾದ ಮೇಲೆ ಹಾಕಿದ ಮೊದಲ ನಿಜವಾದ ಕ್ಯಾಸೆಟ್ 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಪದ್ಯಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. 1978ರಲ್ಲಿ ಬಂದ ಇದು ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್. ಮಾವನ ಪ್ರತಿಯ ಲೇಬಲ್ ಮಾಸಿ ಹೋಗಿದೆ, ಕವರ್ ಯಾವ ಕಾಲದಲ್ಲೋ ಕಳೆದಿದೆ. ಜೋಗದಿಂದ ಶುರುವಾಗುವ ಹಾಡು ಜೋಗ ಇರುವ ತಾಲೂಕಿನ ಮನೆಯಲ್ಲಿ ಇಷ್ಟು ಸವೆದಿರುವುದರಲ್ಲಿ ಆಶ್ಚರ್ಯ ಏನಿದೆ, ಅಲ್ವಾ? ಸಭೆ, ಶಾಲೆ, ರಾಜ್ಯೋತ್ಸವ ಅಂತ ಈ ಹಾಡನ್ನು ನಾವು ಎಲ್ಲರೂ ಸೇರಿ ಕೂಗಿ ಹಾಡುವುದೇ ಹೆಚ್ಚು. ಕ್ಯಾಸೆಟ್ಟಿನಲ್ಲಿ ಕೇಳಿದರೆ ಅದು ಎಷ್ಟು ಮೆತ್ತಗಿನ ಹಾಡು ಅಂತ ಗೊತ್ತಾಗುತ್ತದೆ. ಅಬ್ಬರವೇ ಇಲ್ಲ. ಪದಗಳ ನಡುವೆ ಉಸಿರಾಡಲು ಜಾಗ ಬಿಟ್ಟಿದ್ದಾರೆ.

ಆದರೆ ಸದ್ದು ಕಂಬಳಿ ಹೊದ್ದು ಬರುತ್ತಿತ್ತು. ಮೇಲಿನ ಸ್ವರಗಳೆಲ್ಲ ಮಂಕು. ಶ್ರುತಿಯೂ ಸ್ವಲ್ಪ ಅಲ್ಲಾಡುತ್ತಿತ್ತು. ಒಂದೊಂದಾಗಿ ನೋಡೋಣ ಅಂತ ಅವತ್ತಿಗೆ ಮುಚ್ಚಿದೆ.

ಮಂಗಳವಾರ: ಶ್ರುತಿ

ಶ್ರುತಿ ಅಲ್ಲಾಡುವುದನ್ನು ಹಿಡಿಯಲು ಸಿನಿಮಾ ಹಾಡು ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಏನೇನೋ ಓಡುತ್ತಿರುತ್ತದೆ, ಸಣ್ಣ ಅಲುಗಾಟ ಮುಚ್ಚಿಹೋಗುತ್ತದೆ. ಎಳೆದು ನಿಲ್ಲಿಸಿದ ಸ್ವರ ಬೇಕು, ಹಿಂದೆ ತಂಬೂರಿ ಬೇಕು. ಡಬ್ಬದಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನಗಳಿದ್ದವು. 'ಅಕ್ಕ ಕೇಳವ್ವಾ' ಹಾಕಿದೆ. ಅಕ್ಕಮಹಾದೇವಿಯ ಈ ವಚನವನ್ನು ಅವರ ಬಾಯಲ್ಲಿ ಕೇಳಿದವರಿಗೆ ಬೇರೆ ಯಾರ ಬಾಯಲ್ಲೂ ಸಲೀಸಾಗಿ ಹಿಡಿಸುವುದಿಲ್ಲ. ಗೆಳತಿಗೆ ಕನಸು ಹೇಳುವ ಮಾತು ಅದು. ಅದನ್ನು ವಯಸ್ಸಾದ ಗಂಡಸಿನ ಒರಟು ದನಿ ಹೇಳುತ್ತದೆ, ನಮಗೆ ಒಂಚೂರೂ ಬೇರೆ ಅನಿಸುವುದಿಲ್ಲ.

ನನ್ನ ಟೇಪಿನಲ್ಲಿ ಮಾತ್ರ ತಂಬೂರಿ ತೂಗುತ್ತಿತ್ತು. ಫೋನಿನಲ್ಲಿ ಗಿಟಾರ್ ಟ್ಯೂನರ್ ಆ್ಯಪ್ ತೆರೆದು ಸ್ಪೀಕರ್ ಮುಂದೆ ಇಟ್ಟರೆ ಮುಳ್ಳು ಒಂದು ಲಯದಲ್ಲಿ ಆಚೆ ಈಚೆ ಹೋಗುತ್ತಿತ್ತು. ಆ ಲಯವೇ ಕಳ್ಳನನ್ನು ತೋರಿಸಿಕೊಡುತ್ತದೆ. ಲೆಕ್ಕ ಹೀಗೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ನನ್ನ ಸೆಟ್ಟಿನ ರಬ್ಬರ್ ರೋಲರಿನ ವ್ಯಾಸ 13 ಮಿ.ಮೀ., ಸುತ್ತಳತೆ ಸುಮಾರು 4 ಸೆಂ.ಮೀ. ಅಂದರೆ ರೋಲರ್ ಸೆಕೆಂಡಿಗೆ ಒಂದಕ್ಕಿಂತ ಚೂರು ಜಾಸ್ತಿ ಸುತ್ತು ಹಾಕುತ್ತದೆ. ಕ್ಯಾಪ್‌ಸ್ಟನ್ ಕಡ್ಡಿ ಬರೀ 2 ಮಿ.ಮೀ. ದಪ್ಪ, ಅದು ಸೆಕೆಂಡಿಗೆ ಏಳೆಂಟು ಸುತ್ತು. ಹಾಗಾಗಿ ಅಲುಗಾಟ ಸೆಕೆಂಡಿಗೆ ಒಂದರಂತೆ ಬಂದರೆ ರೋಲರ್ ನೋಡಬೇಕು. ಗಡಗಡ ನಡುಗಿದರೆ ಕ್ಯಾಪ್‌ಸ್ಟನ್. ಅದಕ್ಕಿಂತಲೂ ಬೇಗ ಬೇಗ ಕಟಕಟ ಅಂದರೆ ಮೋಟಾರ್ ಪುಲ್ಲಿಯಲ್ಲಿ ಅಂಟಿನ ಚೂರು ಉಳಿದಿದೆ ಅಂತ. ಭಾನುವಾರ ಅಷ್ಟು ಹೊತ್ತು ಹಲ್ಲುಕಡ್ಡಿ ಹಿಡಿದು ಕೂತಿದ್ದು ಇದಕ್ಕೇ.

ಇಲ್ಲಿ ಸೆಕೆಂಡಿಗೆ ಒಂದು. ರೋಲರ್ ಮೇಲೆ ಕಂದು ಬಣ್ಣದ ಪಟ್ಟಿ ಕಟ್ಟಿತ್ತು, ಟೇಪಿನಿಂದ ಉದುರಿದ ಕಬ್ಬಿಣದ ಆಕ್ಸೈಡ್ ಅದು. ಬಡ್ಸ್ ಒದ್ದೆ ಮಾಡಿ ರೋಲರನ್ನು ಬೆರಳಲ್ಲಿ ತಿರುಗಿಸುತ್ತಾ ಒರೆಸಿದೆ. ಬಡ್ಸ್ ಬೆಳ್ಳಗೇ ಉಳಿಯುವವರೆಗೂ ಬದಲಾಯಿಸುತ್ತಾ ಹೋಗಬೇಕು. ರೋಲರಿನ ನಡುವಿನ ಕಂಬಿಗೆ ಅರ್ಧ ಹನಿ ಮೆಷಿನ್ ಆಯಿಲ್. ರಬ್ಬರಿಗೆ ಎಣ್ಣೆ ತಾಗಲೇಬಾರದು. ಮತ್ತೆ ಮನ್ಸೂರ್. ತಂಬೂರಿ ನಿಂತಿತು.

ಇನ್ನು ವೇಗ. ಶ್ರುತಿ ನಿಂತರೂ ಅದು ಸರಿಯಾದ ಜಾಗದಲ್ಲೇ ನಿಂತಿದೆಯಾ ಅಂತ ನೋಡಬೇಕಲ್ಲ. 3,000 ಹರ್ಟ್ಸ್ ಸದ್ದು ತುಂಬಿದ ಟೆಸ್ಟ್ ಕ್ಯಾಸೆಟ್ ಸಿಗುತ್ತದೆ, ನನ್ನ ಹತ್ತಿರ ಇಲ್ಲ. ಅಂದಾಜಿಗೆ ಇನ್ನೊಂದು ದಾರಿ ಇದೆ. ಒಂದೇ ಹಾಡನ್ನು ಫೋನಿನಲ್ಲೂ ಟೇಪಿನಲ್ಲೂ ಓಡಿಸಿ ಸಮಯ ನೋಡುವುದು. ಫೋನಿನಲ್ಲಿ 240 ಸೆಕೆಂಡ್ ಇರುವ ಹಾಡು ಟೇಪಿನಲ್ಲಿ 233ಕ್ಕೇ ಮುಗಿದರೆ ಟೇಪು ಶೇಕಡಾ 3ರಷ್ಟು ಜೋರಾಗಿ ಓಡುತ್ತಿದೆ. ಶೇಕಡಾ 6 ಆದರೆ ಹಾಡು ಹಾರ್ಮೋನಿಯಂನ ಒಂದು ಕೀ ಮೇಲಕ್ಕೇ ಹೋಗಿಬಿಡುತ್ತದೆ. ಒಂದೇ ಕ್ಯಾಸೆಟ್ ನಂಬಬೇಡಿ. ಆಗ ಕ್ಯಾಸೆಟ್ ಮಾಡುವಾಗಲೇ ವೇಗ ಹೆಚ್ಚುಕಮ್ಮಿ ಆಗಿರಬಹುದು. ಬೇರೆ ಬೇರೆ ಕಂಪನಿಯ ನಾಲ್ಕಾರು ಕ್ಯಾಸೆಟ್ ನೋಡಿ, ಎಲ್ಲವೂ ಒಂದೇ ಕಡೆಗೆ ವಾಲಿದರೆ ಆಗ ಸೆಟ್ಟಿನ ತಪ್ಪು. ಮೋಟಾರಿನ ಹಿಂಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಒಳಗೆ ಪುಟ್ಟ ಸ್ಕ್ರೂ. ತೆಳ್ಳನೆಯ ಸ್ಕ್ರೂ ಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿದರೂ ವೇಗ ಬದಲಾಗುತ್ತದೆ. ಪ್ಲಾಸ್ಟಿಕ್ ಸ್ಕ್ರೂ ಡ್ರೈವರ್ ಆದರೆ ಇನ್ನೂ ಒಳ್ಳೆಯದು.

ಇದಕ್ಕೆ ಬಳಸಿದ ಹಾಡುಗಳಲ್ಲಿ 'ನಾಗರಹಾವು' ಚಿತ್ರದ 'ಬಾರೆ ಬಾರೆ' ಕೂಡ ಒಂದು. 1972ರ ಚಿತ್ರ, ವಿಜಯಭಾಸ್ಕರ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ವೇಗದ ಕೆಲಸಕ್ಕೆ ಇದೇ ಹಾಡು ಸಿಕ್ಕಿದ್ದು ತಮಾಷೆ. ಪುಟ್ಟಣ್ಣ ಕಣಗಾಲ್ ಈ ಹಾಡನ್ನು ಸ್ಲೋ ಮೋಷನ್‌ನಲ್ಲಿ ತೆಗೆದರು. ಚಿತ್ರ ನಿಧಾನವಾಗಿ ಕಾಣಬೇಕಾದರೆ ಕ್ಯಾಮೆರಾ ಜೋರಾಗಿ ಓಡಬೇಕು. ತೆರೆಯ ಮೇಲೆ ತುಟಿ ಕೂಡಬೇಕಾದರೆ ಶೂಟಿಂಗ್ ಜಾಗದಲ್ಲಿ ಹಾಡನ್ನೂ ಅಷ್ಟೇ ಜೋರಾಗಿ ಓಡಿಸಿ, ನಟರು ಅದೇ ಓಟದಲ್ಲಿ ತುಟಿ ಆಡಿಸಬೇಕು. ನಮಗೆ ಕೇಳಿಸುವ ಆ ತಂಪು ದನಿ ಅಲ್ಲಿದ್ದವರಿಗೆ ಚಿಂವ್ ಚಿಂವ್ ಅಂತ ಕೇಳಿಸಿರಬೇಕು. ಮೋಟಾರಿನ ಸ್ಕ್ರೂವನ್ನು ಬೇಕೆಂದೇ ಮೇಲಕ್ಕೆ ತಿರುಗಿಸಿ ಕೇಳಿ ನೋಡಿದೆ. ಮನೆಯವರು ಒಳಗಿನಿಂದ "ಏನದು?" ಅಂದರು.

ಬುಧವಾರ: ಹೆಡ್

ಕಂಬಳಿ ತೆಗೆಯುವ ದಿನ. ಸದ್ದು ಮಂಕಾಗಲು ಮೊದಲ ಕಾರಣ ಕೊಳೆ. ಟೇಪಿಗೆ ತಾಗಿ ಅದರಲ್ಲಿರುವ ಹಾಡನ್ನು ಓದುವ ಭಾಗವೇ ಹೆಡ್. ಅದನ್ನು ಒರೆಸಿದ ಮೊದಲ ಬಡ್ಸ್ ಕಾಫಿಪುಡಿ ಬಣ್ಣಕ್ಕೆ ತಿರುಗಿತು. ಒರೆಸಿದ ಮೇಲೆ ಅರ್ಧ ಸರಿಹೋಯಿತು. ಉಳಿದ ಅರ್ಧ ಅಜಿಮತ್ ಅನ್ನುವುದರದ್ದು.

ಹೆಡ್ಡಿನ ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇರುತ್ತದೆ. ಆ ಸೀಳು ಟೇಪು ಓಡುವ ದಾರಿಗೆ ಸರಿಯಾಗಿ ಲಂಬವಾಗಿ ನಿಲ್ಲಬೇಕು. ಒಂಚೂರು ಓರೆ ಆದರೂ ಮೇಲಿನ ಸ್ವರಗಳು ಸಾಯುತ್ತವೆ. ತಬಲಾದ ದುಮ್ಮು ಉಳಿಯುತ್ತದೆ, ತಾಳದ ಝಣ್ ಹೋಗುತ್ತದೆ, 'ಸ' 'ಶ' ಎಲ್ಲ ಒಂದೇ ಆಗುತ್ತದೆ. ಹೆಡ್ಡಿನ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದೇ ಇದನ್ನು ಸರಿಮಾಡುವ ಸ್ಕ್ರೂ. ಫ್ಯಾಕ್ಟರಿಯಲ್ಲಿ ಅದರ ತಲೆಗೆ ಒಂದು ಚುಕ್ಕೆ ಬಣ್ಣ ಹಚ್ಚಿ ಕೂರಿಸಿರುತ್ತಾರೆ. ಮುಟ್ಟುವ ಮುಂಚೆ ಅದು ಯಾವ ಕಡೆ ಮುಖ ಮಾಡಿದೆ ಅಂತ ಫೋಟೊ ತೆಗೆದುಕೊಳ್ಳಿ. ಹಿಂದಕ್ಕೆ ಹೋಗಲು ದಾರಿ ಇರಬೇಕು.

ಈ ಕೆಲಸಕ್ಕೆ ಹಾಡು 'ಜೊತೆಯಲಿ ಜೊತೆ ಜೊತೆಯಲಿ'. ಶಂಕರ್ ನಾಗ್ ಅವರ 'ಗೀತಾ', 1981, ಇಳಯರಾಜ ಸಂಗೀತ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ. ಇದೇ ಯಾಕೆ ಅಂದರೆ ಇದರಲ್ಲಿ ಎಲ್ಲವೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಕೆಳಗೆ ಬೇಸ್ ಗಿಟಾರ್ ತನ್ನದೇ ಒಂದು ರಾಗ ಹಾಡುತ್ತಾ ನಡೆಯುತ್ತದೆ, ಮೇಲೆ ಜಾನಕಿಯವರ ದನಿ. ಬೇಸ್ ಇದ್ದ ಹಾಗೇ ಇದ್ದು ಜಾನಕಿ ಮಾತ್ರ ಹತ್ತಿರ ಬಂದರೆ ಸ್ಕ್ರೂ ಸರಿದಾರಿಯಲ್ಲಿದೆ. ಸೆಟ್ಟಿನಲ್ಲಿ ಮೊನೊ ಸ್ವಿಚ್ ಇದ್ದರೆ ಮೊನೊಗೆ ಹಾಕಿ. ಎಡ ಬಲ ಸೇರಿದಾಗ ಓರೆ ಇರುವ ಹೆಡ್ಡಿನ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಹಾಗಾಗಿ ಸರಿಯಾದ ಜಾಗ ಬಂದಾಗ ಥಟ್ಟನೆ ಗೊತ್ತಾಗುತ್ತದೆ. ಸ್ಕ್ರೂವನ್ನು ಗಡಿಯಾರದ ಐದು ನಿಮಿಷದಷ್ಟು ಆ ಕಡೆ, ಐದು ನಿಮಿಷದಷ್ಟು ಈ ಕಡೆ. ಒಂದು ಜಾಗದಲ್ಲಿ ಜಾನಕಿಯವರು ಪದ ಶುರು ಮಾಡುವ ಮುಂಚಿನ ಉಸಿರು ಕೇಳಿಸಿತು. ಅಲ್ಲೇ ನಿಲ್ಲಿಸಿ, ಸ್ಕ್ರೂ ತಲೆಗೆ ಒಂದು ಚುಕ್ಕೆ ಉಗುರುಬಣ್ಣ ಹಚ್ಚಿದೆ.

ಈ ರಾಗವನ್ನು ಇಳಯರಾಜರೇ ಆಮೇಲೆ ತಮಿಳಿಗೂ ಕೊಂಡೊಯ್ದರು. 2007ರ 'ಚೀನಿ ಕಮ್' ಮೂಲಕ ಹಿಂದಿಗೂ ಹೋಯಿತು. ಹಿಂದಿಯದು ಹಾಸಿಗೆ ಮೇಲೆ ಮಲಗಿದ ಹಾಗೆ ಹಾಯಾಗಿದೆ. ಆದರೂ ನನ್ನ ಓಟು ಕನ್ನಡದ್ದಕ್ಕೇ. ಅದಕ್ಕೆ ಇರುವ ಚುರುಕು ಆಮೇಲಿನವಕ್ಕೆ ಇಲ್ಲ.

ಅದೇ ಉಮೇದಿನಲ್ಲಿ 'ಪ್ರೇಮಲೋಕ' ಹಾಕಿದೆ. 1987ರಲ್ಲಿ ಹಂಸಲೇಖ, ರವಿಚಂದ್ರನ್ ಸೇರಿ ಊರೂರಿನ ಹೋಟೆಲಿನ ಟೇಪಿಗೆಲ್ಲ ಕೆಲಸ ಕೊಟ್ಟ ಕ್ಯಾಸೆಟ್. ಮಾವನ ಮಗ ಇದನ್ನು ಹೇಗೆ ತೇದಿದ್ದಾನೆ ಅಂದರೆ ಹೆಡ್ ಎಷ್ಟು ಸರಿಮಾಡಿದರೂ ಪ್ರಯೋಜನ ಇಲ್ಲ. ಟೇಪಿನ ಮೇಲಿನ ಆಕ್ಸೈಡೇ ಸವೆದುಹೋಗಿದೆ. ಅದು ರಿಪೇರಿಗೆ ಬರುವ ವಿಷಯ ಅಲ್ಲ.

ಗುರುವಾರ

ಸಂಜೆಯೆಲ್ಲಾ ಕರೆಂಟ್ ಇರಲಿಲ್ಲ. ಫೋನಿನಲ್ಲೇ 'ಸೋಜುಗಾದ ಸೂಜುಮಲ್ಲಿಗೆ' ಕೇಳುತ್ತಾ ಕೂತೆ. 'ಗರುಡ ಗಮನ ವೃಷಭ ವಾಹನ' ಚಿತ್ರದ್ದು, 2021, ಮಿಧುನ್ ಮುಕುಂದನ್ ಸಂಗೀತ, ಹಾಡಿದ್ದು ಚೈತ್ರಾ ಆಚಾರ್. ಮಾದಪ್ಪನ ಪದ ಇದು, ಮಹದೇಶ್ವರ ಬೆಟ್ಟದ ಸೀಮೆಯದು. ಹೊಸ ಹಾಡು ಅನ್ನಬೇಕೋ ಹಳೇ ಹಾಡು ಅನ್ನಬೇಕೋ. ಕರಾವಳಿಯ ರೌಡಿಗಳ ಕಥೆಗೆ ಚಾಮರಾಜನಗರ ಕಡೆಯ ದೇವರ ಪದವನ್ನು ತಂದು ಕೂರಿಸಿದ ಧೈರ್ಯ ನನಗೆ ಇಷ್ಟ.

ಶುಕ್ರವಾರ: ಎಡಗಡೆ ಸ್ಪೀಕರ್

ತೊಂದರೆ ಎಲ್ಲಿದೆ ಅಂತ ಹುಡುಕುವಾಗ ಒಂದೊಂದು ಭಾಗವನ್ನು ಲೆಕ್ಕದಿಂದ ಹೊರಗೆ ಹಾಕುತ್ತಾ ಬರಬೇಕು. ಟೇಪು ಹಾಕಿದಾಗ ಎಡಗಡೆ ಹೋಗುತ್ತದೆ. ರೇಡಿಯೊ ಹಾಕಿದಾಗಲೂ ಹೋಗುತ್ತದೆ. ಅಂದರೆ ಹೆಡ್ಡಿನದೂ ಅದರ ವೈರಿನದೂ ತಪ್ಪಲ್ಲ. ಹೆಡ್‌ಫೋನ್ ಸಿಕ್ಕಿಸಿ ಕೇಳಿದರೆ ಎರಡೂ ಕಡೆ ಗಟ್ಟಿಯಾಗಿ ಬರುತ್ತದೆ. ಅಂದರೆ ಆಂಪ್ಲಿಫೈಯರ್ ಕೂಡ ಸರಿಯಿದೆ. ಸ್ಪೀಕರಿಗೆ ಮಲ್ಟಿಮೀಟರ್ ಇಟ್ಟರೆ ಅದೂ ಸರಿ. ಇನ್ನು ಉಳಿದದ್ದು ಹೆಡ್‌ಫೋನ್ ಸಾಕೆಟ್ ಮಾತ್ರ.

ಬಹಳ ಸೆಟ್‌ಗಳಲ್ಲಿ ಸ್ಪೀಕರಿಗೆ ಹೋಗುವ ಸದ್ದು ಈ ಸಾಕೆಟ್ ಮೂಲಕವೇ ಹೋಗುತ್ತದೆ. ಒಳಗೆ ಎರಡು ತಗಡಿನ ನಾಲಿಗೆ ಒಂದಕ್ಕೊಂದು ತಾಗಿರುತ್ತವೆ. ಹೆಡ್‌ಫೋನ್ ಪಿನ್ ಒಳಗೆ ಬಂದಾಗ ಅವು ಬಿಟ್ಟುಕೊಂಡು ಸ್ಪೀಕರ್ ಬಂದ್ ಆಗುತ್ತದೆ. ವರ್ಷಗಟ್ಟಲೆ ಯಾರೂ ಪಿನ್ ಹಾಕದಿದ್ದರೆ ಆ ನಾಲಿಗೆಗಳು ಕಿಲುಬು ಹಿಡಿಯುತ್ತವೆ. ಒಳಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಪುಸ್ ಹೊಡೆದು, ಪಿನ್ನನ್ನು ಒಂದಷ್ಟು ಹೊತ್ತು ಹಾಕಿ ತೆಗೆದು ಮಾಡಿದೆ. ಎಡಗಡೆ ಬಂತು, ಬಂದದ್ದು ಹೋಗಲಿಲ್ಲ. ವಾಲ್ಯೂಮ್ ಕಂಟ್ರೋಲಿಗೂ ಅದೇ ಮದ್ದು. ಬೆನ್ನಿನ ಸಂದಿಯಿಂದ ಹೊಡೆದು, ಆಚೆ ಈಚೆ ಕೊನೆವರೆಗೂ ತಿರುಗಿಸಬೇಕು. ಒಣಗಲು ಬಿಟ್ಟು ಆಮೇಲೆ ಪ್ಲಗ್.

ಎರಡೂ ಸ್ಪೀಕರ್ ಬಂದ ಮೇಲೆ ಜೋರಾಗಿ ಹಾಕದೆ ಇರುವುದಾದರೂ ಹೇಗೆ? 'ಕಾಡು ಕುದುರೆ ಓಡಿ ಬಂದಿತ್ತಾ'. ಚಂದ್ರಶೇಖರ ಕಂಬಾರರ ಹಾಡು, ಶಿವಮೊಗ್ಗ ಸುಬ್ಬಣ್ಣರ ಕಂಠ. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು, ಅದು ಬಂದದ್ದು ಇದೇ ಹಾಡಿಗೆ. ಅವರು ದನಿ ಎತ್ತಿದ ಕಡೆ ಕೆಟ್ಟ ಸೆಟ್ ಆದರೆ ಒಡೆದು ಬರುತ್ತದೆ. ಇಲ್ಲಿ ಒಡೆಯಲಿಲ್ಲ. ಈ ಹಾಡಿಗೆ ಬೇಸ್ ಬೇಡ, ಅಲಂಕಾರ ಬೇಡ, ಗಂಟಲೊಂದೇ ಸಾಕು.

ಇದರ ಬೆನ್ನಿಗೇ ಹೊಸದು ಒಂದಿರಲಿ ಅಂತ 'ಸಿಂಗಾರ ಸಿರಿಯೆ' ಹಾಕಿದೆ. 'ಕಾಂತಾರ', 2022, ಅಜನೀಶ್ ಲೋಕನಾಥ್ ಸಂಗೀತ, ಪ್ರಮೋದ್ ಮರವಂತೆ ಸಾಹಿತ್ಯ, ವಿಜಯ್ ಪ್ರಕಾಶ್ ಮತ್ತು ಅನನ್ಯಾ ಭಟ್. ಫೋನಿನ ಹಾಡು ಈ ಸೆಟ್ಟಿನಲ್ಲಿ ಬಂದಿದ್ದು ಹಳೇ ಕಾರಿಗೆ ಹಾಕುತ್ತಿದ್ದ ಕ್ಯಾಸೆಟ್ ಅಡಾಪ್ಟರ್ ಮೂಲಕ. ಕ್ಯಾಸೆಟ್ ಆಕಾರದ ಡಬ್ಬಿ, ಒಳಗೆ ಟೇಪಿನ ಬದಲು ಒಂದು ಹೆಡ್, ಬಾಲದಲ್ಲಿ ವೈರು. ಎರಡು ಹೆಡ್ ಮುಖಾಮುಖಿ ನಿಂತು ಸದ್ದನ್ನು ದಾಟಿಸುತ್ತವೆ. ಟೇಪೇ ಇಲ್ಲದ್ದರಿಂದ ಅಲುಗಾಟ ಇಲ್ಲ, ಟೇಪಿನ ಸುಯ್ ಇಲ್ಲ. ಹಾಡು ಚೆನ್ನಾಗಿಯೇ ಬಂತು. ಒಂದೇ ಸಮಸ್ಯೆ: ಈಗಿನ ಹಾಡುಗಳ ಕೆಳಗಿನ ಸದ್ದು ಈ ಸಣ್ಣ ಸ್ಪೀಕರಿಗೆ ಭಾರ. ವಾಲ್ಯೂಮ್ ಅರ್ಧ ದಾಟಿದರೆ ಪ್ಲಾಸ್ಟಿಕ್ ಜಾಲರಿ ನಡುಗುತ್ತದೆ. ಹಿಂಬದಿಗೆ ಒಂದು ತುಂಡು ಸ್ಪಂಜು ಇಟ್ಟೆ, ಸುಮ್ಮನಾಯಿತು.

ಶನಿವಾರ: ಬೂಷ್ಟು

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಸರಿಮಾಡಿದ ಸೆಟ್ಟಿಗೆ ಹಾಕಬಾರದು. ಆ ಪುಡಿ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಕೆಲಸ ಬಾಲ್ಕನಿಯಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು.

ಎಲ್ಲವನ್ನೂ ಉಳಿಸುವ ಹುಚ್ಚು ಬೇಡ ಅಂತ ಫೋನಿನಲ್ಲಿ ಸುಲಭವಾಗಿ ಸಿಗುವ ಹಾಡುಗಳ ಕ್ಯಾಸೆಟ್ ಪಕ್ಕಕ್ಕಿಟ್ಟೆ. ಉಳಿಸಲು ಆರಿಸಿದ್ದರಲ್ಲಿ ಸಿ. ಅಶ್ವಥ್ ಹಾಡಿದ ಶಿಶುನಾಳ ಷರೀಫರ ಪದಗಳು ಮೊದಲನೆಯದು. ಅವೂ ಫೋನಿನಲ್ಲಿ ಇವೆ. ಆದರೂ ಮಾವ ಅದರ ಲೇಬಲ್ ಮೇಲೆ ಪೆನ್ನಿನಲ್ಲಿ ತಮ್ಮ ಹೆಸರು, ಕೊಂಡ ಊರು ಬರೆದಿದ್ದಾರೆ. ಬಿಸಾಡಲು ಕೈ ಬರಲಿಲ್ಲ.

ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಮೇಲಿನ ಚಿಪ್ಪು ಎತ್ತಿದರೆ ಟೇಪಿನ ಸುತ್ತುಗಳ ಅಂಚಿನಲ್ಲಿ ಬಿಳಿ ಹುಡಿ. ಬೇಗ ಆರುವ 99 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಮೆತ್ತನೆ ಬಟ್ಟೆ ತುಸುವೇ ಒದ್ದೆ ಮಾಡಿ ಅಂಚು ಒರೆಸಿದೆ. ಆಮೇಲೆ ಟೇಪನ್ನು ಒಣ ಬಟ್ಟೆಯ ಮಡಿಕೆಯಲ್ಲಿ ಹಿಡಿದು ಕೈಯಲ್ಲೇ ಸುತ್ತಿದೆ. ಸಿ-60, ಅಂದರೆ ಎರಡೂ ಸೈಡ್ ಸೇರಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಟೇಪಿನ ಉದ್ದ 85 ಮೀಟರಿಗೂ ಮೇಲೆ. ಮೊಣಕೈ ನೋಯುವುದು ಗ್ಯಾರಂಟಿ. ಮಧ್ಯೆ ಎಲ್ಲಿಯಾದರೂ ಅಂಟಿಕೊಂಡಿದ್ದರೆ ಎಳೆಯದೆ, ಸುತ್ತನ್ನು ಮೆಲ್ಲಗೆ ಅಂಗೈಗೆ ತಟ್ಟಿ ಬಿಡಿಸಬೇಕು.

ಇನ್ನೊಂದು ಕೊರತೆ ಇತ್ತು. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಉಣ್ಣೆಯ ಪ್ಯಾಡ್ ಉದುರಿಹೋಗಿತ್ತು. ಅದು ಇಲ್ಲದಿದ್ದರೆ ಎಷ್ಟು ಅಜಿಮತ್ ತಿರುಗಿಸಿದರೂ ಸದ್ದು ಬಂದು ಹೋಗಿ ಮಾಡುತ್ತದೆ. ಇಂಗ್ಲಿಷ್ ಕಲಿಸುವ ಕ್ಯಾಸೆಟ್ಟಿನ ಚಿಪ್ಪು ಚೆನ್ನಾಗಿತ್ತು, ಪ್ಯಾಡ್ ಗಟ್ಟಿಯಿತ್ತು. ಷರೀಫರ ಟೇಪನ್ನು ಅದರೊಳಗೆ ಕೂರಿಸಿದೆ. ಹೊರಗೆ ಇಂಗ್ಲಿಷ್ ಪಾಠ, ಒಳಗೆ 'ಕೋಡಗನ್ನ ಕೋಳಿ ನುಂಗಿತ್ತಾ'. ಷರೀಫಜ್ಜನಿಗೆ ಇದು ಇಷ್ಟವಾಗುತ್ತಿತ್ತು ಅನಿಸುತ್ತದೆ. ಅಶ್ವಥ್ ಆ ಪದದಲ್ಲಿ ಪಟ್ಟಿ ಓದುತ್ತಿಲ್ಲ, ಪ್ರತಿ ಸಲ ನುಂಗಿದಾಗಲೂ ಕಣ್ಣಾರೆ ಕಂಡವರಂತೆ ಬೆರಗಾಗುತ್ತಾರೆ.

ಮತ್ತೆ ಭಾನುವಾರ: ರೆಕಾರ್ಡಿಂಗ್

ಸೆಟ್ ಹಾಡುತ್ತದೆ. ಬರೆಯುತ್ತದಾ? ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟುಗಳ ಬೆನ್ನಿನಲ್ಲಿ ಎರಡು ಮೂಲೆಯ ಟ್ಯಾಬ್ ಮುರಿದಿರುತ್ತದೆ, ಹಾಗಾಗಿ ರೆಕಾರ್ಡ್ ಬಟನ್ ಇಳಿಯುವುದಿಲ್ಲ. ಆ ತೂತಿಗೆ ಸೆಲೊ ಟೇಪ್ ಅಂಟಿಸಿದರೆ ಇಳಿಯುತ್ತದೆ. ಮಾವನ ಡಬ್ಬದಲ್ಲಿದ್ದ ಒಂದು ಸಿ-60ಗೆ ಹಾಗೆ ಮಾಡಿ, ಫೋನಿನಿಂದ ಸೆಟ್ಟಿನ ಲೈನ್ ಇನ್‌ಗೆ ವೈರ್ ಎಳೆದೆ.

ಮೊದಲು 'ಸೋಜುಗಾದ ಸೂಜುಮಲ್ಲಿಗೆ'. ಇಂಥ ಸೆಟ್‌ಗಳಲ್ಲಿ ರೆಕಾರ್ಡಿಂಗ್ ಮಟ್ಟವನ್ನು ನಾವು ಇಡುವ ಹಾಗಿಲ್ಲ. ಒಳಗಿನ ಒಂದು ಸರ್ಕ್ಯೂಟ್ ತಾನೇ ಏರಿಸಿ ಇಳಿಸುತ್ತದೆ. ಮಾತು ರೆಕಾರ್ಡ್ ಮಾಡಲು ಅದು ಒಳ್ಳೆಯದು. ಹಾಡಿಗೆ ಕಾಟ. ಮೆಲ್ಲಗಿನ ದನಿ ಬಂದಾಗ ಅದು ಗಾಬರಿಯಾಗಿ ಮಟ್ಟ ಏರಿಸುತ್ತದೆ, ಜೊತೆಗೆ ಟೇಪಿನ ಸುಯ್ ಕೂಡ ಏರುತ್ತದೆ. ವಾದ್ಯ ಸೇರಿದ ತಕ್ಷಣ ಎಲ್ಲವನ್ನೂ ಕೆಳಕ್ಕೆ ಒತ್ತುತ್ತದೆ. ಫೋನಿನ ವಾಲ್ಯೂಮ್ ತೀರಾ ಕಮ್ಮಿ ಇಟ್ಟರೆ ಅದಕ್ಕೆ ಒತ್ತುವ ಕೆಲಸ ಕಡಿಮೆ ಆಗುತ್ತದೆ. ಮೂರನೇ ಒಂದು ಭಾಗದಲ್ಲಿ ಸುಮಾರಾಗಿ ಒಗ್ಗಿತು. ಸುಯ್ ಮಾತ್ರ ಉಳಿಯಿತು. ಅಳಿಸುವ ಹೆಡ್ ಜಾಗದಲ್ಲಿ ಬರೀ ಒಂದು ಅಯಸ್ಕಾಂತ ಇರುವ ಸೆಟ್ ಇದು, ಅದರಿಂದ ಇದಕ್ಕಿಂತ ಜಾಸ್ತಿ ಕೇಳಬಾರದು.

ಆಮೇಲೆ 'ಸಿಂಗಾರ ಸಿರಿಯೆ'. ಕೊನೆಗೆ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಶೀರ್ಷಿಕೆ ಹಾಡು, ಚರಣ್ ರಾಜ್ ಸಂಗೀತ. 2023ರಲ್ಲಿ ಹೇಮಂತ್ ರಾವ್ ಆ ಕಥೆಯನ್ನು ಎರಡು ಸಿನಿಮಾ ಮಾಡಿ ಸೈಡ್ ಎ, ಸೈಡ್ ಬಿ ಅಂತಲೇ ಹೆಸರಿಟ್ಟರು. ಹಾಡನ್ನು ಸೈಡ್ ಎ ಕೊನೆಗೆ ಹಾಕದೆ ಇನ್ನೆಲ್ಲಿ ಹಾಕುವುದು? ಚಿತ್ರದ ಹೆಸರು ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ ಕರೆಯಿತೋ' ಪದ್ಯದ ಸಾಲಿನದು. ಅದೇ ಪದ್ಯ ತೊಂಬತ್ತರ ದಶಕದಲ್ಲಿ ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕ ಅಮೆರಿಕ'ದಲ್ಲಿ ಮನೋಮೂರ್ತಿ ಸಂಗೀತದಲ್ಲಿ ಹಾಡಾಗಿ ಬಂದು ಮನೆಮಾತಾಯಿತು. ಮಾವನಿಗೆ ಇದನ್ನು ಹೇಳಿದೆ. "ಅಡಿಗರು ನಮ್ಮೂರ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದೋರು ಮಾರಾಯ, ಅರವತ್ತರ ದಶಕದಲ್ಲಿ. ಆ ಮುರಳಿ ಹಾಡು ಡಬ್ಬದಲ್ಲಿ ಇರಬೇಕು, ಸರಿಯಾಗಿ ನೋಡು" ಅಂದರು.

ಇತ್ತು. ಸೈಡ್ ಬಿಗೆ ಅದನ್ನು ಹಾಕಬೇಕು, ಆದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಲು ಇನ್ನೊಂದು ಸೆಟ್ ಬೇಕು. ಫೋನಿನದನ್ನೇ ಇಳಿಸಿಬಿಡಬಹುದು, ಮಾವನ ಟೇಪಿನದೇ ಆಗಲಿ ಅಂತ ಹಟ. ಗೆಳೆಯನೊಬ್ಬನ ಮನೆಯಲ್ಲಿ ಒಂದು ಡೆಕ್ ಇದೆ, ಅದರದ್ದೂ ಬೆಲ್ಟ್ ಹೋಗಿದೆಯಂತೆ. ಪ್ಯಾಕೆಟ್ಟಿನಲ್ಲಿ ಚೌಕ ಬೆಲ್ಟ್ ಇನ್ನೂ ಉಳಿದಿವೆ. ನನ್ನ ಸೆಟ್ಟಿನಲ್ಲಿ ಬಾಕಿ ಇರುವುದು ಟೇಪ್ ಕೌಂಟರಿನ ಬೆಲ್ಟ್. ಆಮೇಲೆ ರಿವೈಂಡ್ ಸಿ-90 ಕ್ಯಾಸೆಟ್ಟನ್ನು ಕೊನೆವರೆಗೂ ಎಳೆಯುವುದಿಲ್ಲ, ಮುಕ್ಕಾಲು ದಾರಿಯಲ್ಲಿ ಏದುಸಿರು ಬಿಡುತ್ತದೆ. ಸಿ-90 ಟೇಪು ತೆಳ್ಳಗೆ ಬೇರೆ, ತಿಂದರೆ ಹರಿಯುತ್ತದೆ. ಸದ್ಯಕ್ಕೆ ಸಿ-60 ಮಾತ್ರ ಹಾಕುತ್ತಿದ್ದೇನೆ.